ಇನ್ನೂ ಸಿದ್ಧರಲ್ಲ

ಮಾರ್ಚ್ 14

ಕಚೇರಿಯ ಮುಖ್ಯಸ್ಥರಿಗೆ,

(ಇಂದಿನ ಸಂತಾಪ ಸಭೆಯಲ್ಲಿ ಈ ಪತ್ರವನ್ನು ಪೂರ್ತಿಯಾಗಿ, ನಡುವೆ ನಿಲ್ಲಿಸದೆ ಓದಿಸಬೇಕೆಂದು ವಿನಂತಿ.)

ನೆರೆದಿರುವ ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆಗಳು. ನನ್ನ ಮಗಳು ಒಂಬತ್ತು ವರ್ಷ ಕುಳಿತ ಕುರ್ಚಿಯ ಸುತ್ತ ನೀವು ಇಷ್ಟು ಜನ ನಿಂತಿದ್ದೀರಿ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಸಮಾಜ ಕಾರ್ಯಕರ್ತನಾಗಿರುವ ನಾನು ಅದನ್ನು ಮರೆಯಲಾರೆ. ಆದರೆ ನಿಮ್ಮ ಸಹಾನುಭೂತಿಯನ್ನು ಸ್ವೀಕರಿಸಲಾರೆ. ಅದು ಕಡಿಮೆಯಾಯಿತೆಂದಲ್ಲ. ಅದು ಈಗಾಗಲೇ ಒಂದು ತಪ್ಪು ಕೆಲಸಕ್ಕೆ ಕೈ ಹಾಕಿದೆ.

ನನ್ನ ಮಗಳು ಕ್ಷೇತ್ರ ಶಿಕ್ಷಕಿಯಾಗಿದ್ದಳು. ಈ ಕೆಲಸ ಕಲಿಯಲು ಬಂದವರನ್ನು ಮನೆಮನೆಗೆ ಕರೆದೊಯ್ದು, ಕಲಿಸಿ, ಕೊನೆಗೆ ಇವರನ್ನು ಒಬ್ಬರೇ ಕಳಿಸಬಹುದೋ ಇಲ್ಲವೋ ಎಂದು ಬರೆದು ಸಹಿ ಹಾಕುವುದು ಅವಳ ಜವಾಬ್ದಾರಿ. ಹನ್ನೊಂದು ದಿನದ ಜ್ವರ ಅವಳನ್ನು ಕರೆದೊಯ್ದಾಗ ಅವಳ ಕೈಕೆಳಗೆ ಒಬ್ಬ ಕಲಿಕಾರ್ಥಿ ಇದ್ದರು. ಜನವರಿ 30ರ ಮಧ್ಯಾವಧಿ ವರದಿಯಲ್ಲಿ ಅವರ ಬಗ್ಗೆ ಅವಳು ಬರೆದದ್ದು ಎರಡೇ ಮಾತು: "ಇನ್ನೂ ಸಿದ್ಧರಲ್ಲ."

ಈಗ ಮೌಲ್ಯಮಾಪನ ಸಮಿತಿಯು, 'ಒದಗಿಬಂದ ದುಃಖದ ಸಂದರ್ಭವನ್ನು ಗಮನಿಸಿ', ಇನ್ನೇನನ್ನೂ ಪರೀಕ್ಷಿಸದೆ ಅವರನ್ನು ತೇರ್ಗಡೆ ಮಾಡಲಿದೆಯೆಂದು ನನ್ನ ಕಿವಿಗೆ ಬಿದ್ದಿದೆ. ನನ್ನ ವಿರೋಧಕ್ಕೆ ಮೂರು ಅಂಶಗಳಿವೆ. ಮೊದಲನೆಯದು: ನಾಳೆ ಯಾರದೋ ಮನೆಯ ಬಾಗಿಲು ತಟ್ಟುವವರು ನಮ್ಮ ಕಣ್ಣೀರಿನಲ್ಲಿ ಪಾಸಾದವರೆಂದು ಬಾಗಿಲು ತೆರೆಯುವವರಿಗೆ ಗೊತ್ತಿರುವುದಿಲ್ಲ. ಎರಡನೆಯದು: ಕಲಿಯಲು ಬಂದವರಿಗೆ ಕಲಿಸಬೇಕು, ಅದು ಅವರ ಹಕ್ಕು, ನಮ್ಮ ಔದಾರ್ಯವಲ್ಲ. ಮೂರನೆಯದನ್ನು ಬರೆದು ಹೊಡೆದುಹಾಕಿದ್ದೇನೆ.

ಅನುಭವಿಗಳನ್ನು ಕ್ಷೇತ್ರ ಶಿಕ್ಷಕರನ್ನಾಗಿ ತಯಾರುಮಾಡುವ ತರಬೇತಿ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. "ನನಗೆ ಕೆಲಸ ಬರುತ್ತದೆ, ಕಲಿಸುವುದನ್ನು ಬಿಡುವಿದ್ದವರು ಮಾಡಲಿ" ಎಂದು ನಾನು ಅದನ್ನು ಆರು ಬಾರಿ ನಿರಾಕರಿಸಿದ್ದೇನೆ. ಆ ಆರು ಪತ್ರಗಳೂ ನಿಮ್ಮ ಕಡತದಲ್ಲಿವೆ. ಅವುಗಳ ಮೇಲೆ ಈ ಅರ್ಜಿಯನ್ನು ಇಡಿ. ತರಬೇತಿಯಲ್ಲಿರುವವನು ಒಬ್ಬ ಕಲಿಕಾರ್ಥಿಯನ್ನು ಕೈಗೆತ್ತಿಕೊಳ್ಳಬಹುದೆಂದು ನಿಯಮವಿದೆ. ನನಗೆ ಆ ಕಲಿಕಾರ್ಥಿ ಬೇಕು.

ಇತಿ,
ಮೇಲಿನ ಮಹಡಿಯವನು

—

ಮೇ 3

ನಮಸ್ಕಾರ ಸರ್,

ನಿನ್ನೆ ನೀವು ಕಲಿಕಾರ್ಥಿಯೊಡನೆ ಹೋದ ದರ್ಜಿಯವರ ಮನೆಗೆ ನಾನು ಬಂದದ್ದು ನೀವು ಹೇಗೆ ಕಲಿಸುತ್ತೀರಿ ಎಂದು ನೋಡಲು. ತರಬೇತಿ ಕೊಡುವವಳಾಗಿ ನನ್ನ ಟಿಪ್ಪಣಿ ಇಷ್ಟು: ಭೇಟಿ ನಲವತ್ತೊಂದು ನಿಮಿಷ ನಡೆಯಿತು. ನೀವು ಇಪ್ಪತ್ತಾರು ನಿಮಿಷ ಮಾತಾಡಿದಿರಿ. ಕಲಿಕಾರ್ಥಿ ನಾಲ್ಕು ನಿಮಿಷ. ದರ್ಜಿ ಎರಡು. ಉಳಿದದ್ದು ಹೊಲಿಗೆ ಯಂತ್ರ.

ನೀವು ಕೆಲಸದಲ್ಲಿ ನಿಸ್ಸೀಮರೆಂಬುದು ಈ ಊರಿಗೇ ಗೊತ್ತು. ನಾನು ನೋಡಲು ಬಂದದ್ದು ಅದನ್ನಲ್ಲ. ಈ ಭೇಟಿಯನ್ನು ನಿಮ್ಮ ತರಬೇತಿಗೆ ಪರಿಗಣಿಸಲಾರೆ.

ವಂದನೆಗಳೊಂದಿಗೆ,
ತರಬೇತುದಾರಳು

—

ಮೇ 5

ಮಾನ್ಯರೇ,

ನಿಮ್ಮ ನಿಮಿಷಗಳನ್ನು ಪ್ರಶ್ನಿಸುವುದಿಲ್ಲ. ಅವುಗಳಿಂದ ನೀವು ತೆಗೆದ ತೀರ್ಮಾನವನ್ನು ಪ್ರಶ್ನಿಸುತ್ತೇನೆ.

ಆ ಮನೆಯ ಪರಿಸ್ಥಿತಿ ನಿಮಗೆ ಗೊತ್ತು. ದರ್ಜಿಗೆ ಎಪ್ಪತ್ತೆರಡು. ಹೆಂಡತಿಗೆ ನೆನಪು ಪೂರ್ತಿ ಹೋಗಿದೆ. ಆಕೆ ಬೀದಿಯಲ್ಲಿ ಕಳೆದುಹೋಗಬಾರದೆಂದು ಆಕೆಯ ಪ್ರತಿಯೊಂದು ಬಟ್ಟೆಯ ಒಳಮಡಿಕೆಯಲ್ಲೂ ಮನೆಯ ವಿಳಾಸವನ್ನು ಕೆಂಪು ದಾರದಲ್ಲಿ ಹೊಲಿದಿದ್ದಾರೆ. ಈ ಮನುಷ್ಯ ಇನ್ನೆಷ್ಟು ದಿನ ಒಬ್ಬರೇ ನಿಭಾಯಿಸಬಲ್ಲರು, ಒಳಗೇ ಕುಸಿಯುತ್ತಿದ್ದಾರೆಯೇ ಎಂದು ತಿಳಿಯುವುದು ನಮ್ಮ ಕೆಲಸ.

ಇನ್ನು ಕಲಿಕಾರ್ಥಿ. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ರೈಲಿನ ಟಿಕೆಟ್ ಕೌಂಟರಿನಲ್ಲಿದ್ದವರು; ಕಚೇರಿಯಲ್ಲಿ ಎಲ್ಲರೂ 'ಕೌಂಟರಮ್ಮ' ಎಂದೇ ಕರೆಯುತ್ತಾರೆ. ಒಳಗೆ ಕಾಲಿಟ್ಟವರೇ ಶುರುಮಾಡಿದರು: "ಊಟ ಆಯ್ತಾ? ಮಾತ್ರೆ ಕೊಟ್ರಾ? ನಿದ್ದೆ ಮಾಡ್ತಾರಾ? ನಿಮಗೆ ಸುಸ್ತಾಗುತ್ತಾ?" ದರ್ಜಿ ಯಂತ್ರ ತುಳಿಯುತ್ತಲೇ, "ಎಲ್ಲಾ ಚೆನ್ನಾಗಿದೆ ತಾಯಿ" ಎಂದರು. ಇವರು ಪ್ರಶ್ನೆಗಳ ಪಟ್ಟಿಯಲ್ಲಿ ನಾಲ್ಕು ಗೀಟು ಹಾಕಿದರು. ಮುಂದಿನ ಪ್ರಯಾಣಿಕರನ್ನು ಕರೆಯುವುದೊಂದು ಬಾಕಿ! ಆ ಕ್ಷಣದಲ್ಲಿ ನಾನು ಬಾಯಿ ಹಾಕದಿದ್ದರೆ ಆ ಭೇಟಿಯೇ ವ್ಯರ್ಥವಾಗುತ್ತಿತ್ತು. ಒಬ್ಬರು ಮುಳುಗುತ್ತಿರುವಾಗ ದಡದಲ್ಲಿ ಕುಳಿತು ಟಿಪ್ಪಣಿ ಬರೆಯುವುದನ್ನು ನೀವು ಶಿಕ್ಷಣವೆನ್ನುತ್ತೀರಾ?

ಉತ್ತರದ ನಿರೀಕ್ಷೆಯಲ್ಲಿ,
ಮೇಲಿನ ಮಹಡಿಯವನು

—

ಮೇ 8

ನಮಸ್ಕಾರ ಸರ್,

ವಾದದಲ್ಲಿ ನೀವು ಗೆದ್ದಿರಿ. ಭೇಟಿಯನ್ನು ಪರಿಗಣಿಸುವುದಿಲ್ಲ.

ನೀವು ಬಾಯಿ ಹಾಕಿದ ಮೇಲೆ ದರ್ಜಿ ಏನು ಹೇಳಿದರೆಂದು ನೀವು ಬರೆದಿಲ್ಲ. ನಾನು ಬರೆದುಕೊಂಡಿದ್ದೇನೆ: "ನೀವು ಹೇಳೋದು ಸರಿ ಸ್ವಾಮಿ." ಆರು ಸಲ.

ಇದರೊಂದಿಗೆ ಒಂದು ಪುಟವಿದೆ. ತರಬೇತಿಗೆ ಬಂದವರೆಲ್ಲ ಮೊದಲ ವಾರ 'ನನಗೆ ಯಾರು, ಹೇಗೆ ಕಲಿಸಿದರು' ಎಂದು ಬರೆಯಬೇಕಲ್ಲ, ಐದು ವರ್ಷದ ಹಿಂದೆ ಒಬ್ಬರು ಬರೆದದ್ದು ಇದು. ಆಕೆಯ ಒಪ್ಪಿಗೆಯಿಂದ, ಹೆಸರು ಹೇಳದೆ, ಪ್ರತಿ ತಂಡಕ್ಕೂ ಓದುತ್ತೇನೆ. ನಿಮ್ಮ ತಂಡಕ್ಕೆ ಮಾತ್ರ ಓದಲಿಲ್ಲ.

"ಏಳನೇ ಕ್ಲಾಸಿನಲ್ಲಿ ಭಾಷಣ ಸ್ಪರ್ಧೆಗೆ ನಿಂತೆ. ಅಪ್ಪ ಕಾಲೇಜಿನಲ್ಲಿ ದೊಡ್ಡ ಚರ್ಚಾಪಟು. ನಾನು ಬರೆದ ಭಾಷಣ ನೋಡಿ, 'ಚೆನ್ನಾಗಿದೆ, ಸ್ವಲ್ಪ ತಿದ್ದುತ್ತೇನೆ' ಎಂದರು. ತಿದ್ದಿದ ಮೇಲೆ ನನ್ನದಾಗಿ ಉಳಿದದ್ದು 'ಎಲ್ಲರಿಗೂ ವಂದನೆಗಳು' ಎಂಬ ಒಂದು ಸಾಲು. ಮೊದಲ ಬಹುಮಾನ ಬಂತು. ಮನೆಗೆ ಬಂದು ಬಹುಮಾನದ ಕಪ್ಪನ್ನು ಅವರ ಮೇಜಿನ ಮೇಲಿಟ್ಟು, 'ಇದು ನಿಮ್ದು ಅಪ್ಪಾ' ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನಾನು ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ."

ವಂದನೆಗಳೊಂದಿಗೆ,
ತರಬೇತುದಾರಳು

—

ಜೂನ್ 28

ಮಾನ್ಯರೇ,

ತಡವಾಗಿ ಬರೆಯುತ್ತಿದ್ದೇನೆ. ಮಗಳು ತಂದಿಟ್ಟ ಆ ಬಹುಮಾನದ ಕಪ್ಪು ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಅದರಲ್ಲಿ ಪೆನ್ನುಗಳಿವೆ. ಆ ವಿಷಯವಾಗಿ ಇಷ್ಟೇ.

ಒಂದು ವ್ಯಾವಹಾರಿಕ ಪ್ರಶ್ನೆ: ತಪ್ಪು ಕಣ್ಣೆದುರು ನಡೆಯುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ತತ್ತ್ವ ಬೇಡ. ವಿಧಾನ ಹೇಳಿ.

ಇತಿ,
ಮೇಲಿನ ಮಹಡಿಯವನು

—

ಜುಲೈ 1

ನಮಸ್ಕಾರ ಸರ್,

ಇಷ್ಟು ಒಳ್ಳೆಯ ಪ್ರಶ್ನೆ ನಿಮ್ಮಿಂದ ಮೊದಲ ಸಲ ಬಂದಿದೆ. ಸಿಟ್ಟಾಗಬೇಡಿ.

ನಿಮ್ಮ ಕುರ್ಚಿಯನ್ನು ಬಾಗಿಲ ಬಳಿ, ಕಲಿಕಾರ್ಥಿಯ ಬೆನ್ನ ಹಿಂದೆ ಹಾಕಿಕೊಳ್ಳಿ. ಎದುರಿಗೆ ಕುಳಿತರೆ ದರ್ಜಿ ನಿಮ್ಮ ಮುಖವನ್ನೇ ನೋಡುತ್ತಾರೆ. ನಿಮ್ಮ ಮುಖವೂ ಭಾಷಣ ಮಾಡುತ್ತದೆ. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆಯಿರಿ: ಕಂಡದ್ದು, ಕೇಳಿದ್ದು, ಅನಿಸಿದ್ದು. ಮೂರನೆಯದನ್ನು ಮನೆಯಿಂದ ಹೊರಬಂದು, ಕಲಿಕಾರ್ಥಿ ತನಗೇನನಿಸಿತು ಎಂದು ಹೇಳಿದ ಮೇಲಷ್ಟೇ ತುಂಬಬೇಕು. ಯಾರಾದರೂ ಅಪಾಯದಲ್ಲಿದ್ದರೆ ಮಾತಾಡಿ. ನಿಮ್ಮ ತಾಳ್ಮೆ ಅಪಾಯದಲ್ಲಿದೆ ಅನ್ನೋದು ಕಾರಣವಲ್ಲ.

ಇದೆಲ್ಲ ಮಾಡಿಯೂ ನಾಲಿಗೆ ತುರಿಸಿದರೆ ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳಿ. ಜಗಿಯಬಾರದು, ಕರಗಿಸಬೇಕು. ಈ ಉಪಾಯ ನನ್ನದಲ್ಲ. ಕೆಳಗಿನ ಮಹಡಿಯಲ್ಲಿ ಒಂದು ಡ್ರಾಯರ್ ಇದೆ, ನೀವು ಇನ್ನೂ ತೆಗೆದಿಲ್ಲವೆಂದು ಕೇಳಿದ್ದೇನೆ. ತೆಗೆದು ನೋಡಿ. ಸುಮ್ಮನಿರುವುದು ಅವಳಿಗೂ ಬರುತ್ತಿರಲಿಲ್ಲ ಸರ್. ಎಷ್ಟಾದರೂ ನಿಮ್ಮ ಮಗಳು.

ವಂದನೆಗಳೊಂದಿಗೆ,
ತರಬೇತುದಾರಳು

—

ಜುಲೈ 23

ಮಾನ್ಯರೇ,

ಡ್ರಾಯರ್ ತೆಗೆದೆ. ನೀಲಿ ತಗಡಿನ ಡಬ್ಬಿ, ಅರ್ಧ ಖಾಲಿ. ಅವಳಿಗೆ ಸಿಹಿಯ ಚಪಲವೆಂದು ನಾನು ಎಷ್ಟೋ ಸಲ ಗದರಿದ್ದೆ.

ನಿನ್ನೆಯ ಭೇಟಿಯ ವರದಿ. ಕುರ್ಚಿ ಬಾಗಿಲ ಬಳಿ. ಪೆಪ್ಪರ್‌ಮಿಂಟ್ ಮೂರು. ಮೊದಲನೆಯದನ್ನು ಎರಡನೇ ನಿಮಿಷಕ್ಕೇ ಜಗಿದುಬಿಟ್ಟೆ, ಒಪ್ಪಿಕೊಳ್ಳುತ್ತೇನೆ. ಆದರೆ ಮೂವತ್ತೆಂಟು ನಿಮಿಷ ಒಂದಕ್ಷರ ಆಡಲಿಲ್ಲ. ಕಾಲೇಜಿನಲ್ಲಿ ಗಂಟೆ ಬಾರಿಸಿದರೂ ವೇದಿಕೆ ಇಳಿಯದವನಿಗೆ ಇದು ಎಂಥ ಸಾಹಸವೆಂಬುದನ್ನು ದಯವಿಟ್ಟು ದಾಖಲಿಸಿ.

ಕಲಿಕಾರ್ಥಿ ಗೆಲ್ಲಲಿಲ್ಲ. ಪ್ರಶ್ನೆಗಳು ಹಿಂದಿನ ಭೇಟಿಯ ಹದಿನೇಳರಿಂದ ಒಂಬತ್ತಕ್ಕೆ ಇಳಿದಿವೆ. ಒಂದು ಸಲ ದರ್ಜಿಯ ಕಾಲು ನಿಂತಿತು, ಯಂತ್ರ ನಿಂತಿತು, ಆತ ತಲೆಯೆತ್ತಿದರು. ಆ ಕ್ಷಣಕ್ಕೇ ಇವರು "ಮತ್ತೆ, ಬಿ.ಪಿ. ನೋಡಿಸಿದ್ರಾ?" ಎಂದರು. ಯಂತ್ರ ಮತ್ತೆ ಓಡಿತು.

ಹೊರಗೆ ಬಂದ ಮೇಲೆ, ತಪ್ಪೆಲ್ಲಿ ಆಯಿತೆಂದು ನಾನು ಹೇಳಲಿಲ್ಲ, "ನಿಮಗೇನನಿಸಿತು?" ಎಂದು ಕೇಳಿದೆ. ಅವರು ಬಸ್ಸಿನ ನಿಲ್ದಾಣದವರೆಗೂ ನಡೆದರು. ಆಮೇಲೆ, "ಸರ್, ಏನೋ ಹೇಳೋಕ್ ಬಂದ್ರು ಅವ್ರು. ನಾನೇ ತಡೆದ್ಬಿಟ್ಟೆ" ಎಂದರು. ನಾನು ಎಂದೂ ಯಾರಿಗೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ. ನಾನು ಮಾಡಿದ್ದಾದರೂ ಏನು? ಏನೂ ಇಲ್ಲ.

ಇನ್ನೊಂದು ಸಂಗತಿ, ಇದು ವರದಿಗಲ್ಲ. ಮನೆಗೆ ಹೋದಾಗ ನಾಲ್ಕನೆಯ ಪೆಪ್ಪರ್‌ಮಿಂಟ್ ಬಾಯಲ್ಲೇ ಇತ್ತು. ನನ್ನ ಹೆಂಡತಿ ಮಗಳ ಕಡೆಯ ದಿನಗಳ ಬಗ್ಗೆ ಮಾತು ತೆಗೆದಳು. ಎಂದಿನಂತೆ ನಡುವೆ ಬಾಯಿ ಹಾಕಿ ಸಮಾಧಾನ ಹೇಳಲು ನನಗಾಗಲಿಲ್ಲ. ಆಕೆ ಒಂದು ಗಂಟೆ ಮಾತಾಡಿದಳು. ಕೊನೆಗೆ, "ಏನ್ರೀ, ಮೈ ಸರಿಯಿಲ್ವಾ? ಮೂವತ್ತೈದು ವರ್ಷದಲ್ಲಿ ನನ್ನ ಮಾತು ಪೂರ್ತಿ ಕೇಳಿದ್ದು ಇದೇ ಮೊದ್ಲು" ಎಂದಳು. ಆಕೆ ಹೇಳಿದ್ದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ.

ಇತಿ,
ಮೇಲಿನ ಮಹಡಿಯವನು

—

ಸೆಪ್ಟೆಂಬರ್ 2

ಸರ್‌ಗೆ ನಮಸ್ಕಾರಗಳು,

ಎದುರಿಗೆ ಹೇಳಲು ಧೈರ್ಯವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮುಖ್ಯಸ್ಥರು ನನ್ನನ್ನು ಕರೆದು ಒಂದು ಫಾರಂ ಕೊಟ್ಟಿದ್ದಾರೆ. 'ವಿಶೇಷ ಸಂದರ್ಭದ ತೇರ್ಗಡೆ' ಅಂತ ಇದೆ. "ಸುಮ್ನೆ ಸಹಿ ಹಾಕಮ್ಮ, ನಿಮ್ ಮೇಡಂ ಅಪ್ಪನ ಹಟ ನಿನ್ ತಲೆ ಮೇಲ್ ಯಾಕೆ" ಅಂದರು.

ಸರ್, ಕೌಂಟರಿನಿಂದ ನನಗೆ ಸಿಕ್ಕಿರುವುದು ಒಂದು ವರ್ಷದ ರಜೆ. ಪಾಸಾಗದಿದ್ದರೆ ಡಿಸೆಂಬರ್ ಒಂದಕ್ಕೆ ವಾಪಸ್ ಹೋಗಿ ಕೂರಬೇಕು. ಮತ್ತೆ ಮೊದಲಿನಿಂದ ಕಲಿಯಲು ಇನ್ನೊಂದು ಸಲ ರಜೆ ಕೊಡುವುದಿಲ್ಲ. ನನ್ನ ಮಕ್ಕಳು ಆಗಲೇ ಎಲ್ಲರ ಹತ್ತಿರ "ನಮ್ಮಮ್ಮ ಸಮಾಜ ಕಾರ್ಯಕರ್ತೆ" ಅಂತ ಹೇಳಿಕೊಂಡು ಓಡಾಡುತ್ತಿವೆ.

ಮೇಡಂ ಬರೆದ ಆ ಎರಡು ಮಾತನ್ನು ಅಳಿಸಲು ಮೇಡಂ ಇಲ್ಲ. ನೀವು ಅವರ ತಂದೆ. ಮಗಳು ಬರೆದದ್ದನ್ನು ನೀವು ಬದಲಾಯಿಸುತ್ತೀರಿ ಅಂತ ನಾನು ಹೇಗೆ ನಂಬಲಿ? ಸಹಿ ಹಾಕಿಬಿಡಲಾ ಸರ್?

ನಿಮ್ಮ ವಿಧೇಯ ಕಲಿಕಾರ್ಥಿ

—

ಸೆಪ್ಟೆಂಬರ್ 3

ಕಲಿಕಾರ್ಥಿಯವರಿಗೆ,

ಫಾರಂ ನಿಮ್ಮದು, ಸಹಿಯೂ ನಿಮ್ಮದು. ನಾನು ಕೇಳುವುದು ಒಂದೇ ಪ್ರಶ್ನೆ. ದರ್ಜಿಯವರ ಯಂತ್ರ ನಿಂತಾಗ ನಿಮಗೆ ಏನಾಗುತ್ತದೆ? ನಿಧಾನವಾಗಿ ಯೋಚಿಸಿ ಬರೆಯಿರಿ. ಕಾಯುತ್ತೇನೆ.

ಇತಿ,
ಮೇಲಿನ ಮಹಡಿಯವನು

—

ಸೆಪ್ಟೆಂಬರ್ 19

ಸರ್‌ಗೆ ನಮಸ್ಕಾರಗಳು,

ನಿಮ್ಮ ಚೀಟಿ ನೋಡಿ ಮೊದಲು ಕೋಪ ಬಂತು. ನಾನು ಕೇಳಿದ್ದೇನು, ಇವರು ಹೇಳುವುದೇನು ಅಂತ. ಹದಿನೈದು ದಿನ ಯೋಚಿಸಿದೆ.

ಕ್ಯೂ ಕಾಣುತ್ತೆ ಸರ್. ಯಂತ್ರ ನಿಂತ ತಕ್ಷಣ ಕಿಟಕಿಯಾಚೆ ಕ್ಯೂ ಕಾಣುತ್ತೆ. ಕೌಂಟರಿನಲ್ಲಿ ಅರ್ಧ ನಿಮಿಷ ಸುಮ್ಮನಿದ್ದರೆ ಹಿಂದಿನಿಂದ ಶುರುವಾಗುತ್ತದೆ, "ಏನಮ್ಮಾ, ನಿದ್ದೆ ಹೊಡೀತಿದ್ಯಾ? ಟ್ರೈನ್ ಬಿಟ್ಟೋಗುತ್ತೆ!" ಹನ್ನೊಂದು ವರ್ಷ. ಸುಮ್ಮನಿರುವುದೆಂದರೆ ಬೈಸಿಕೊಳ್ಳುವುದು ಅಂತಲೇ ನನ್ನ ಮೈಗೆ ಗೊತ್ತು. ದರ್ಜಿಯವರ ಮನೆಯಲ್ಲಿ ಕ್ಯೂ ಇಲ್ಲ ಸರ್. ಅವರೊಬ್ಬರೇ ಇದ್ದಾರೆ. ಇದನ್ನು ಬರೆಯುವವರೆಗೂ ನನಗೆ ಹೊಳೆದಿರಲಿಲ್ಲ.

ಫಾರಂ ಹರಿದುಹಾಕಿದೆ. ಹರಿದ ಮೇಲೆ ಭಯವಾಯಿತು, ಅದೂ ನಿಜ.

ನಿಮ್ಮ ವಿಧೇಯ ಕಲಿಕಾರ್ಥಿ

—

ನವೆಂಬರ್ 6

ನಮಸ್ಕಾರ ಸರ್,

ನಿಮ್ಮ ತರಬೇತಿ ಮುಗಿಯಿತು. ನನ್ನ ವರದಿಯನ್ನು ಸಮಿತಿಗೆ ಕಳಿಸಿದ್ದೇನೆ. ಇಂದಿನಿಂದ ನೀವು ಕ್ಷೇತ್ರ ಶಿಕ್ಷಕರು. ಮೇ ತಿಂಗಳಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಕಲಿಕಾರ್ಥಿಯ ಬಗ್ಗೆ ನಿಮ್ಮ ತೀರ್ಮಾನವೇನೆಂದು ಮುಖ್ಯಸ್ಥರು ನನ್ನನ್ನು ಎರಡು ಸಲ ಕೇಳಿದರು. ಒಂದು ಗುಂಪು, ಸತ್ತ ಮಗಳ ಮಾತನ್ನು ಅಪ್ಪ ಮೀರುವುದಿಲ್ಲ ಎನ್ನುತ್ತಿದೆ. ಇನ್ನೊಂದು, ಮಗಳ ಕೊನೆಯ ಶಿಷ್ಯೆಯನ್ನು ಅಪ್ಪ ಕೈಬಿಡುವುದಿಲ್ಲ ಎನ್ನುತ್ತಿದೆ. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ನೀವು ಈಗೀಗ ಮಾತೇ ಆಡುವುದಿಲ್ಲವಲ್ಲ!

ಅಭಿನಂದನೆಗಳೊಂದಿಗೆ,
ತರಬೇತುದಾರಳು

—

ನವೆಂಬರ್ 12

ಮೌಲ್ಯಮಾಪನ ಸಮಿತಿಗೆ, ಮತ್ತು ಇಂದು ಅದರ ಮುಂದೆ ನೆರೆದಿರುವ ಸಹೋದ್ಯೋಗಿಗಳಿಗೆ,

ಮಾರ್ಚ್‌ನಲ್ಲಿ ನಾನು ನಿಮ್ಮ ಸಹಾನುಭೂತಿಯನ್ನು ನಿರಾಕರಿಸಿದೆ. ಇಂದು ಅದಕ್ಕೆ ಬದಲಾಗಿ ನಿಮ್ಮ ಗಮನವನ್ನು ಕೇಳುತ್ತೇನೆ. ಕೆಳಗಿನ ವಿವರವನ್ನು ದರ್ಜಿಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಅದು ಈ ಕೋಣೆಯಿಂದಾಚೆ ಹೋಗಬಾರದು.

ಅಕ್ಟೋಬರ್ 29ರ ಭೇಟಿ. ನನ್ನ ನೋಟ್‌ಬುಕ್ಕಿನ ಮೊದಲೆರಡು ಅಂಕಣಗಳಲ್ಲಿ, ಅಂದರೆ ಕಂಡದ್ದು ಮತ್ತು ಕೇಳಿದ್ದರಲ್ಲಿ, ಇರುವುದನ್ನಷ್ಟೇ ಓದುತ್ತೇನೆ.

ಕಲಿಕಾರ್ಥಿ ಒಳಬಂದು, ಮೊದಲು ದರ್ಜಿಯವರ ಹೆಂಡತಿಯ ಪಕ್ಕ ಕುಳಿತು, ಆಕೆ ಮಡಚುತ್ತಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದರು. ಪ್ರಶ್ನೆಗಳ ಪಟ್ಟಿ ಚೀಲದಲ್ಲೇ ಉಳಿಯಿತು. ಕೇಳಿದ ಪ್ರಶ್ನೆ ಒಂದು: "ಈ ವಾರ ಹೇಗಿತ್ತು?" ದರ್ಜಿ, "ಎಲ್ಲಾ ಚೆನ್ನಾಗಿದೆ ತಾಯಿ" ಎಂದು ಯಂತ್ರ ತುಳಿದರು. ಕಲಿಕಾರ್ಥಿ ಸುಮ್ಮನಿದ್ದರು. ಇಡೀ ಒಂದು ತೋಳು ಹೊಲಿದು ಮುಗಿಯುವವರೆಗೆ ಸುಮ್ಮನಿದ್ದರು. ಅವರ ಬಲಗೈಯ ಬೆರಳುಗಳು ಟಿಕೆಟ್ ಹರಿಯುವಂತೆ ಮಡಿಲಲ್ಲಿ ಆಡುತ್ತಿದ್ದವು, ಬಾಯಿ ಆಡಲಿಲ್ಲ. ಆಮೇಲೆ ಯಂತ್ರ ನಿಂತಿತು. ನಾನು ಗಡಿಯಾರ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡು ಆ ಕೋಣೆಯಲ್ಲಿ ಏನೂ ಕೇಳಿಸಲಿಲ್ಲ.

ದರ್ಜಿ ಸೂಜಿಯನ್ನೇ ನೋಡುತ್ತ ಹೇಳಿದರು: "ಮೊನ್ನೆ ಕೈ ಮಾಡ್ಬಿಟ್ಟೆ ತಾಯಿ. ಇವಳ ಮೇಲೆ. ಐವತ್ತು ವರ್ಷದಲ್ಲಿ ಬೆರಳು ಸೋಕಿಸಿದವನಲ್ಲ."

ಬಾಗಿಲ ಬಳಿಯ ಕುರ್ಚಿಯಲ್ಲಿದ್ದ ನನ್ನ ಬಳಿ ಇಪ್ಪತ್ತೊಂಬತ್ತು ವರ್ಷಗಳ ಅನುಭವವೂ ಒಂದಕ್ಕಿಂತ ಒಂದು ಸಮರ್ಥವಾದ ಏಳೆಂಟು ವಾಕ್ಯಗಳೂ ಸಿದ್ಧವಾಗಿದ್ದವು. ಆಕೆಗೆ ಆ ಕ್ಷಣ ಅಪಾಯವಿರಲಿಲ್ಲ; ಕಲಿಕಾರ್ಥಿಯ ಕೈ ಆಕೆಯ ಕೈಯ ಮೇಲಿತ್ತು. ನಾನು ಮಾತಾಡಲಿಲ್ಲ. ಕಲಿಕಾರ್ಥಿ ಬೆಚ್ಚಲಿಲ್ಲ, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಮಾತು ಕೇಳಿದರು.

"ಆಮೇಲೆ?"

ದರ್ಜಿ ಇಪ್ಪತ್ತು ನಿಮಿಷ ಮಾತಾಡಿದರು. ಹೊರಗೆ ಹೋಗುವಾಗ ಹೆಂಡತಿಯ ಸೊಂಟವನ್ನು ಬಟ್ಟೆಯ ಪಟ್ಟಿಯಿಂದ ಕುರ್ಚಿಗೆ ಕಟ್ಟಿಹೋಗುವುದನ್ನು, ಎರಡು ತಿಂಗಳಿಂದ ಕುಳಿತಲ್ಲೇ ತೂಕಡಿಸುವುದನ್ನು, ಇದನ್ನೆಲ್ಲ ಹೇಳಿದರೆ ನಾವು ಆಕೆಯನ್ನು ಕಿತ್ತುಕೊಂಡು ಹೋಗುತ್ತೇವೆಂಬ ಭಯವನ್ನು. ಎಲ್ಲ ಮುಗಿದ ಮೇಲೆ ಕಲಿಕಾರ್ಥಿ, "ಇದನ್ನ ನಾನು ಕಚೇರಿಯಲ್ಲಿ ಹೇಳಲೇಬೇಕು. ನಿಮ್ಮಿಂದ ಮುಚ್ಚಿಟ್ಟು ಹೇಳೋದಿಲ್ಲ, ನಿಮ್ಮ ಮುಂದೇನೇ ಹೇಳ್ತೀನಿ. ಈಗಲೇ ಫೋನ್ ಮಾಡೋಣ್ವಾ?" ಎಂದರು. ದರ್ಜಿ ತಲೆಯಾಡಿಸಿದರು. ಅಂದು ಸಂಜೆಯೊಳಗೆ ವೈದ್ಯರು ಆಕೆಯನ್ನು ನೋಡಿದರು. ಮರುವಾರದಿಂದ ಆಕೆ ಹಗಲು ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದಾರೆ. ಕಟ್ಟುತ್ತಿದ್ದ ಆ ಬಟ್ಟೆಯ ಪಟ್ಟಿಯನ್ನು ದರ್ಜಿ ತಾವೇ ಕತ್ತರಿಸಿದರು. ಅದರ ನಂತರದ ಎರಡು ಭೇಟಿಗಳನ್ನೂ, ಬೇರೆ ಎರಡು ಮನೆಗಳಲ್ಲಿ ಕಲಿಕಾರ್ಥಿ ಮಾಡಿದ ಕೆಲಸವನ್ನೂ ಇದೇ ರೀತಿ ದಾಖಲಿಸಿ ಲಗತ್ತಿಸಿದ್ದೇನೆ.

ಇನ್ನು ಮೂರನೆಯ ಅಂಕಣ: ಅನಿಸಿದ್ದು. ಮಾರ್ಚ್‌ನಲ್ಲಿ ನಾನೊಂದು ಮೂರನೆಯ ಅಂಶವನ್ನು ಬರೆದು ಹೊಡೆದುಹಾಕಿದ್ದೆ. ಅದು ಹೀಗಿತ್ತು: 'ನನ್ನ ಮಗಳು ಬರೆದದ್ದನ್ನು ಯಾರೂ ಬದಲಿಸಕೂಡದು.' ಹೊಡೆದುಹಾಕಿದ್ದು ಒಳ್ಳೆಯದಾಯಿತು. ಅವಳ ವರದಿಯನ್ನು ಈ ವಾರ ಮತ್ತೆ ಓದಿದೆ. ನಾವೆಲ್ಲ ಅದರಲ್ಲಿ 'ಸಿದ್ಧರಲ್ಲ' ಎಂಬುದನ್ನು ಓದಿದ್ದೆವು. ಅವಳು ಅಡಿಗೆರೆ ಎಳೆದದ್ದು 'ಇನ್ನೂ' ಎಂಬುದಕ್ಕೆ.

ಅಂದು ಅವಳು ಕಂಡದ್ದು ನಿಜ. ಈ ಬಾರಿ ಕಂಡವನು ನಾನು. ಯಾರ ಸಹಾನುಭೂತಿಯೂ ಇದರೊಳಗೆ ಸೇರಿಲ್ಲ, ಯಾರ ಮೇಲಿನ ನಿಷ್ಠೆಯೂ ಸೇರಿಲ್ಲ. ತರಬೇತುದಾರರನ್ನು ಕೇಳಲಿಲ್ಲ, ನನ್ನ ಹೆಂಡತಿಯನ್ನು ಕೇಳಲಿಲ್ಲ, ಕಲಿಕಾರ್ಥಿಗೆ ಇನ್ನೂ ಹೇಳಿಲ್ಲ; ಅವರು ಈ ಕೋಣೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆಂದು ಬಲ್ಲೆ. ನಾನೊಬ್ಬನೇ ತೆಗೆದುಕೊಂಡ ತೀರ್ಮಾನ ಇದು. ನನ್ನ ಮಗಳ ಎರಡು ಮಾತಿನ ಕೆಳಗೆ, ಅವಳ ಸಹಿಯ ಪಕ್ಕದಲ್ಲೇ, ನನ್ನ ಸಹಿಯೊಡನೆ ಬರೆದಿದ್ದೇನೆ:

ಸಿದ್ಧರಾಗಿದ್ದಾರೆ.

ಇತಿ,
ಕ್ಷೇತ್ರ ಶಿಕ್ಷಕ